ಕೈ ಕಟ್ಟಿ ನಿಲ್ಲುವ ಕೆಲಸ

ಬಿಳಿ ಇಲಿಯ ಕತ್ತು ಮುರಿಯಲು ಒಂದು ಪೆನ್ಸಿಲ್ ಸಾಕು. ತಲೆಯ ಹಿಂದೆ ಅದನ್ನು ಅಡ್ಡ ಇಟ್ಟು ಒತ್ತಬೇಕು, ಬಾಲದ ಬುಡ ಹಿಡಿದು ಒಮ್ಮೆ ಹಿಂದಕ್ಕೆ ಜಗ್ಗಬೇಕು. ಅರೆಮನಸ್ಸಿನಿಂದ ಜಗ್ಗಿದರೆ ಇಲಿ ಚೀರುತ್ತದೆ. ಸರಿಯಾಗಿ ಜಗ್ಗಿದರೆ ಬೆರಳಿನಡಿ ಏನೋ ಜಾರಿದ ಹಾಗಾಗುತ್ತದೆ, ಅಷ್ಟೇ, ಎಲ್ಲ ಮುಗಿದಿರುತ್ತದೆ. ಪಿಎಚ್‌ಡಿ ಮಾಡುವಾಗ ನಮ್ಮ ಲ್ಯಾಬಿನಲ್ಲಿ ಈ ಕೆಲಸ ಬಂತೆಂದರೆ ಎತ್ತರದ ದೊಡ್ಡ ಗಂಡಸರೆಲ್ಲ ಚಹಾ ಕುಡಿಯಲು ಎದ್ದು ಹೋಗುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ನನ್ನ ಕೈ ಚುರುಕು ಎಂದು ಅವರೆಲ್ಲ ತಮ್ಮ ತಮ್ಮ ಇಲಿಗಳನ್ನು ನನ್ನ ಮೇಜಿನ ಮೇಲೆ ತಂದಿಡುತ್ತಿದ್ದರು. ಆ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು, ಸುಳ್ಳೇಕೆ ಹೇಳಲಿ.

ಈ ಜಂಬ ಸೇಡಂನ ನಮ್ಮ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಬೆಳಿಗ್ಗೆ ಲಿಂಗಪೂಜೆ ಆಗದೆ ನೀರು ಸಹ ಮುಟ್ಟದವನು. ನಮ್ಮ ಓಣಿಯ ಹಿಂದೆಯೇ ದಾಲ್ ಮಿಲ್ ಇರುವುದರಿಂದ ಇಲಿಗಳಿಗೇನೂ ಕೊರತೆಯಿಲ್ಲ. ಪಕ್ಕದ ಮನೆಯವರೆಲ್ಲ ಪಾಷಾಣ ಇಡುತ್ತಾರೆ. ಅಪ್ಪ ತಂತಿಯ ಬೋನು ಇಡುತ್ತಾನೆ. ಇಲಿ ಬಿತ್ತೆಂದರೆ ಬೋನನ್ನು ಸ್ಕೂಟರಿನ ಕೊಕ್ಕೆಗೆ ತೂಗುಹಾಕಿಕೊಂಡು ಆಡಕಿ ರಸ್ತೆಯಲ್ಲಿ ಊರು ದಾಟುವವರೆಗೆ ಹೋಗಿ, ತೊಗರಿ ಹೊಲದ ಬದುವಿನಲ್ಲಿ ಬಿಟ್ಟು ಬರುತ್ತಾನೆ. ಸಾಹೇಬರು ಮನೆ ಮುಟ್ಟುವ ಮೊದಲೇ ಇಲಿ ಮುಟ್ಟಿರುತ್ತದೆ ಎಂದು ಓಣಿಯವರು ನಗುತ್ತಿದ್ದರು. ಅಪ್ಪ ಅದಕ್ಕೆಲ್ಲ ಕಿವಿಗೊಡುತ್ತಿರಲಿಲ್ಲ. ಅಂಥವನ ಮಗಳು ನಾನು. ಮನೆಯಲ್ಲಿ ಕೇಳಿದಾಗಲೆಲ್ಲ ಔಷಧ ಪರೀಕ್ಷೆ ಮಾಡುತ್ತೇನೆ ಎನ್ನುತ್ತಿದ್ದೆ. ಯಾವುದರ ಮೇಲೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಪಿಎಚ್‌ಡಿ ಮುಗಿದ ಮೇಲೆ ಹೈದರಾಬಾದಿನಲ್ಲಿ ಒಂದು ಪ್ರಾಜೆಕ್ಟಿನಿಂದ ಇನ್ನೊಂದಕ್ಕೆ ಜಿಗಿಯುತ್ತ ವರ್ಷಗಳು ಹೋದವು. ಎಲ್ಲವೂ ತಾತ್ಕಾಲಿಕ. ಕೊನೆಯ ಪ್ರಾಜೆಕ್ಟು ಮುಚ್ಚಿದಾಗ ಎರಡು ಚೀಲ ಹೊತ್ತುಕೊಂಡು ಸೇಡಂಗೆ ಬಂದೆ. ಬಂದ ವಾರದಲ್ಲೇ ಅವ್ವ ಮದುವೆಯ ಮಾತು ತೆಗೆದಳು. ಊರಿನ ಕಾಲೇಜೊಂದರಲ್ಲಿ ಪಾಠ ಹೇಳಲು ಬಾ ಎಂದು ಕರೆ ಬಂತು. ಪಾಠ ಹೇಳುವುದು ಕೆಟ್ಟ ಕೆಲಸವಲ್ಲ, ಆದರೆ ಒಮ್ಮೆ ಅತ್ತ ಹೋದವರು ಲ್ಯಾಬಿಗೆ ಮರಳಿದ್ದನ್ನು ನಾನು ಕಂಡಿಲ್ಲ. ಹಾಗಾಗಿ ಸಂಶೋಧನಾ ವಿಜ್ಞಾನಿಯ ಹುದ್ದೆಗೆ ಸಂದರ್ಶನಕ್ಕೆ ಬನ್ನಿ ಎಂದು ಕಂಪನಿಯೊಂದು ಕರೆದಾಗ, ಇದು ಸಿಕ್ಕರೆ ಉಂಟು ಇಲ್ಲದಿದ್ದರೆ ಇಲ್ಲ ಎನ್ನುವ ಸ್ಥಿತಿಯಲ್ಲಿ ನಾನಿದ್ದೆ. ಊಟ ಸೇರುತ್ತಿರಲಿಲ್ಲ. ಯಾರು ಮಾತನಾಡಿಸಿದರೂ ಹರಿಹಾಯುತ್ತಿದ್ದೆ.

ಚಿತ್ತಾಪುರ ದಾಟಿ ವಾಡಿಯ ಕಡೆ ಹೋಗುವ ದಾರಿಯಲ್ಲಿ, ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಗಳ ನಡುವೆ ಆ ಕಂಪನಿ ಇತ್ತು. ಹಾವಿನ ವಿಷಕ್ಕೆ ಔಷಧ ತಯಾರಿಸುವುದು ಅವರ ಕೆಲಸ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚುತ್ತಾರೆ. ವಿಷವನ್ನು ತಡೆಯುವ ಶಕ್ತಿ ಅದರ ರಕ್ತದಲ್ಲಿ ಹುಟ್ಟಿದ ಮೇಲೆ ಆ ರಕ್ತ ತೆಗೆದು ಸೀರಂ ಮಾಡುತ್ತಾರೆ. ದೂರದ ಹಾವುಗಳ ವಿಷದಿಂದ ಮಾಡಿದ ಔಷಧ ನಮ್ಮ ಕಡೆಯ ಹಾವು ಕಚ್ಚಿದವರಿಗೆ ಅಷ್ಟಾಗಿ ನಾಟುವುದಿಲ್ಲ, ಇಲ್ಲಿಯ ಹಾವಿಗೆ ಇಲ್ಲಿಯದೇ ಔಷಧ ಬೇಕು ಎಂಬುದು ಅವರ ವಾದ. ಅವ್ವ ಶಹಾಬಾದಿನವಳು, ಗಣಿಯಲ್ಲಿ ಬಂಡೆ ಸಿಡಿಯುವ ಸದ್ದಿಗೆ ತೊಟ್ಟಿಲಲ್ಲಿ ಮಲಗಿದವಳು. ಹಾಸುಗಲ್ಲು ಎಬ್ಬಿಸುವಾಗ ಕೈ ಹಾಕಿದಲ್ಲಿ ಹಾವಿರುತ್ತಿತ್ತೆಂದು, ಕಚ್ಚಿಸಿಕೊಂಡವರನ್ನು ಹಗ್ಗದ ಹೊರಸಿನ ಮೇಲೆ ಹೊತ್ತೊಯ್ಯುತ್ತಿದ್ದರೆಂದು, ಹೋದವರಲ್ಲಿ ಮರಳಿ ಬಂದವರು ಕಡಿಮೆಯೆಂದು ಹೇಳುತ್ತಿದ್ದಳು. ಕಂಪನಿಯ ಸುದ್ದಿ ಕೇಳಿ, ಇಷ್ಟು ದಿನ ಎಲ್ಲಿ ಸತ್ತಿದ್ದರು ಎಂದು ಬೈದಳು.

ಸಂದರ್ಶನದ ದಿನ ಅಪ್ಪ ತಾನೇ ಬಿಟ್ಟು ಬರುತ್ತೇನೆಂದು ಹಟ ಹಿಡಿದ. ಬಸ್ಸಿನಲ್ಲಿ ಧೂಳು ಮೆತ್ತಿಕೊಂಡು ದೊಡ್ಡವರ ಮುಂದೆ ಹೋಗಿ ಕೂರಬಾರದಂತೆ. ಅವನ ಹಳೆಯ ಸ್ಕೂಟರಿನ ಹಿಂದೆ ಕುಳಿತರೆ ಧೂಳು ಮೆತ್ತುವುದಿಲ್ಲ ಎಂದು ಅವನಿಗೆ ಯಾರು ಹೇಳಿದ್ದರೋ. ಸಿಮೆಂಟು ಲಾರಿಗಳ ಹಿಂದೆ ಹಿಂದೆಯೇ ಹೋಗಿ ಚಿತ್ತಾಪುರ ದಾಟುವ ಹೊತ್ತಿಗೆ ನನ್ನ ಇಸ್ತ್ರಿ ಮಾಡಿದ ಚೂಡಿದಾರ ಬೂದಿ ಬಣ್ಣಕ್ಕೆ ತಿರುಗಿತ್ತು.

ಮುಂದೆ ಒಂದು ಚಹಾದಂಗಡಿಯ ಎದುರು ಗುಂಪು ಕೂಡಿತ್ತು. ನಡುವೆ ಒಂದು ಉದ್ದನೆಯ ಹಾವು. ಗಣಿಯ ಕೆಲಸದವರು ಐದಾರು ಮಂದಿ ಹಾರೆಯಿಂದ, ಪರಸಿ ಹಾಸುಗಲ್ಲಿನ ಚೂರುಗಳಿಂದ ಅದನ್ನು ಚಚ್ಚುತ್ತಿದ್ದರು. ಒಬ್ಬೊಬ್ಬರೂ ಒಂದೊಂದು ಪೆಟ್ಟು ಹಾಕಿ ಹಿಂದೆ ಸರಿಯುತ್ತಿದ್ದರು. ಅದು ಕೇರೆ ಹಾವು, ವಿಷವಿಲ್ಲದ್ದು. ದೂರದಿಂದಲೇ ಅದರ ಗುರುತು ನನಗೂ ಹತ್ತಿತು, ಅಪ್ಪನಿಗೂ ಹತ್ತಿತು. ನನಗೆ ತಡವಾಗುತ್ತದೆ ಎನ್ನುವಷ್ಟರಲ್ಲಿ ಅವನು ಸ್ಕೂಟರ್ ನಿಲ್ಲಿಸಿ ಇಳಿದೇಬಿಟ್ಟ.

"ಬಿಡ್ರಪಾ, ಅದು ಕೇರೆ ಅದ, ಏನೂ ಮಾಡೂದಿಲ್ಲ" ಎಂದು ಗುಂಪಿನೊಳಗೆ ನುಗ್ಗಿದ.

ಹಾರೆ ಹಿಡಿದಿದ್ದವನು ತಿರುಗಿದ. ಅವನ ಕಣ್ಣು ಕೆಂಡದ ಹಾಗಿದ್ದವು. ಮುಂಚಿನ ದಿನ ಅದೇ ಗಣಿಯಲ್ಲಿ ಅವನ ತಮ್ಮನಿಗೆ ಹಾವು ಕಚ್ಚಿತ್ತು, ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಇದು ನನಗೆ ಆಮೇಲೆ ಗೊತ್ತಾದದ್ದು. ಅವನು ಎರಡೂ ಕೈಯಿಂದ ಅಪ್ಪನ ಎದೆಗೆ ದಬ್ಬಿದ. ಅಪ್ಪ ಕಲ್ಲುರಾಶಿಯ ಮೇಲೆ ಬಿದ್ದ. ಹಣೆ ಒಡೆದು ವಿಭೂತಿಯ ಮೇಲೆ ರಕ್ತ ಇಳಿಯಿತು. ಅವನು ಮತ್ತೆ ಹಾರೆ ಎತ್ತಿದ್ದು ಹಾವಿಗೋ ಅಪ್ಪನಿಗೋ ನನಗೆ ಇಂದಿಗೂ ತಿಳಿಯದು. ನಾನು ಕೇಳುತ್ತ ನಿಲ್ಲಲಿಲ್ಲ. ಕೈಯಲ್ಲಿದ್ದ ಹೆಲ್ಮೆಟ್ಟನ್ನು ಬೀಸಿ ಅವನ ಮುಖಕ್ಕೆ ಹೊಡೆದೆ. ಮೂಗು ಮುರಿದ ಸದ್ದು ನನ್ನ ಮೊಣಕೈವರೆಗೆ ಬಂತು. ಇನ್ನೊಂದು ಹಾಕಿದೆ. ಮೂರನೆಯದಕ್ಕೆ ಯಾರೋ ಹಿಂದಿನಿಂದ ಹಿಡಿದುಕೊಂಡರು. ಅವನು ರಸ್ತೆಯಲ್ಲಿ ಕುಕ್ಕರಿಸಿ ಕುಳಿತು, ಮೂಗಿನಿಂದ ರಕ್ತ ಸುರಿಯುತ್ತಿದ್ದರೂ ಅದನ್ನು ಒರೆಸಿಕೊಳ್ಳದೆ, ತಮ್ಮನ ಹೆಸರು ಹಿಡಿದು ಅಳಲು ಶುರುಮಾಡಿದ.

ನನ್ನನ್ನು ಬಿಟ್ಟು ಗುಂಪು ಅವನ ಸುತ್ತ ಕೂಡಿತು. ಹಾವು ಇನ್ನೂ ಸತ್ತಿರಲಿಲ್ಲ. ಹಿಂದಿನ ಅರ್ಧ ಜಜ್ಜಿ ಚಪ್ಪಟೆಯಾಗಿತ್ತು. ಮುಂದಿನ ಅರ್ಧ ಇನ್ನೂ ಹೋಗಲು ನೋಡುತ್ತಿತ್ತು, ಹಿಂದಿನದನ್ನು ಎಳೆಯಲಾರದೆ ಅಲ್ಲಲ್ಲೇ ಹೊರಳುತ್ತಿತ್ತು. ಒಂದು ಭಾರದ ಕಲ್ಲು ಎತ್ತಿಕೊಂಡು ಹೋಗಿ ಸರಿಯಾಗಿ ಅದರ ತಲೆಯ ಮೇಲೆ ಹಾಕಿದೆ. ಒಂದೇ ಸಲಕ್ಕೆ ಆಯಿತು. ತಿರುಗಿದಾಗ ಅಪ್ಪ ಹಣೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ನನ್ನ ಮುಖವನ್ನಲ್ಲ, ಕೈಯನ್ನು.

"ಇದನ್ನ ಎಲ್ಲಿ ಕಲ್ತಿ?" ಎಂದ.

"ಲ್ಯಾಬಿನ್ಯಾಗ" ಎಂದೆ. ಸುಳ್ಳು ಹೇಳಲು ನನಗೆ ಪುರುಸೊತ್ತಿರಲಿಲ್ಲ.

ಯಾರೂ ನಮ್ಮನ್ನು ತಡೆಯಲಿಲ್ಲ. ಕಂಪನಿಯ ಗೇಟು ಮುಟ್ಟಿದ ಮೇಲೆ ಅಪ್ಪ ಹಣೆಗೆ ಕರವಸ್ತ್ರ ಕಟ್ಟಿಕೊಂಡು ಕಾವಲುಗಾರನ ಕೋಣೆಯ ನೆರಳಿನಲ್ಲಿ ಕುಳಿತ. ನಾನು ತೋಳಿನ ಮೇಲೆ ಬೇರೆಯವನ ರಕ್ತ ಇಟ್ಟುಕೊಂಡು ಒಳಗೆ ಹೋದೆ.

ಸಂದರ್ಶನಕ್ಕೆ ಮೂವರು ಕುಳಿತಿದ್ದರು. ಇಬ್ಬರು ಹೈದರಾಬಾದಿನಿಂದ ಬಂದವರು, ಒಳ್ಳೆಯ ಶರಟು ಹಾಕಿಕೊಂಡು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವವರು. ಮೂರನೆಯವರು ಅಲ್ಲಿಯ ಸಂಶೋಧನಾ ವಿಭಾಗದ ಮುಖ್ಯಸ್ಥೆ. ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದವರು, ಬಿಳಿಗೂದಲನ್ನು ಗಂಡಸರ ಹಾಗೆ ಗಿಡ್ಡಗೆ ಕತ್ತರಿಸಿಕೊಂಡವರು. ನಾನು ನನ್ನ ಕೆಲಸದ ಬಗ್ಗೆ ಪರದೆಯ ಮೇಲೆ ಚಿತ್ರ ತೋರಿಸಿ ಮಾತನಾಡಿದೆ. ಇಬ್ಬರೂ ತಲೆಯಾಡಿಸಿದರು. ಜಗಳ ಮಾಡುವ ಸಹೋದ್ಯೋಗಿಯ ಜೊತೆ ಹೇಗೆ ಹೊಂದಿಕೊಳ್ಳುತ್ತೀರಿ ಎಂದು ಒಬ್ಬ ಕೇಳಿದ. ಅರ್ಧ ಗಂಟೆಯ ಹಿಂದೆ ಒಬ್ಬನ ಮೂಗು ಮುರಿದು ಬಂದ ನಾನು, ತಾಳ್ಮೆಯಿಂದ ಕೂತು ಮಾತಾಡಿ ಬಗೆಹರಿಸಿಕೊಳ್ಳುತ್ತೇನೆ ಎಂದೆ.

ಆಗ ಮುಖ್ಯಸ್ಥೆ ಮೇಡಂ ನನ್ನ ತೋಳಿನ ಕಡೆ ಬೆರಳು ತೋರಿಸಿ, "ಆ ರಕ್ತ ಯಾರದು?" ಎಂದು ಕೇಳಿದರು.

ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಶರಟಿನವರಿಬ್ಬರೂ ಬರೆಯುವುದನ್ನು ನಿಲ್ಲಿಸಿದರು. ಕೆಲಸ ಕೈಬಿಟ್ಟು ಹೋಯಿತು ಎಂದು ನನಗೆ ಖಾತ್ರಿಯಾಯಿತು. ಮೇಡಂ ಮಾತ್ರ ಎದ್ದು, "ಬರ್ರಿ, ಒಳಗ ತೋರಸ್ತೀನಿ" ಎಂದರು.

ಇಲಿಗಳ ಕೋಣೆ ತಣ್ಣಗಿತ್ತು. ಹೊಟ್ಟು, ಮೂತ್ರ, ಔಷಧದ ಆ ಘಾಟು ಮೂಗಿಗೆ ಬಡಿದಾಗ ತವರಿಗೆ ಬಂದಂತಾಯಿತು. ಸಾಲಾಗಿ ಪೆಟ್ಟಿಗೆಗಳು, ಒಂದೊಂದರಲ್ಲೂ ಬಿಳಿ ಇಲಿಗಳು. ಹೊಸದಾಗಿ ತಯಾರಾದ ಸೀರಂ ಎಷ್ಟು ಗಟ್ಟಿ ಎಂದು ನೋಡುವ ಪರೀಕ್ಷೆ ನಡೆದಿತ್ತು. ನಾಗರಹಾವಿನ ವಿಷಕ್ಕೆ ಸೀರಂ ಬೆರೆಸಿ ಬೆಳಿಗ್ಗೆ ಬಾಲದ ರಕ್ತನಾಳಕ್ಕೆ ಚುಚ್ಚಿದ್ದರು. ಒಂದು ಸಾಲಿಗೆ ಸೀರಂ ಕಡಿಮೆ, ಮುಂದಿನದಕ್ಕೆ ಹೆಚ್ಚು. ಮರುದಿನ ಅದೇ ಹೊತ್ತಿಗೆ ಯಾವ ಸಾಲಿನಲ್ಲಿ ಎಷ್ಟು ಸತ್ತವು, ಎಷ್ಟು ಉಳಿದವು ಎಂದು ಎಣಿಸುತ್ತಾರೆ. ಮೇಡಂ ಲೆಕ್ಕಾಚಾರದ ಬಗ್ಗೆ ಬಿಗಿಯಾದ ಪ್ರಶ್ನೆಗಳನ್ನೇ ಕೇಳಿದರು. ನಾನೂ ಬಿಗಿಯಾಗಿಯೇ ಉತ್ತರಿಸಿದೆ. ಅವರ ಮುಖ ಸಡಿಲವಾಗುತ್ತ ಬಂದದ್ದನ್ನು ಕಂಡೆ. ಎದೆಯಲ್ಲಿ ಮತ್ತೆ ಆಸೆ ಹುಟ್ಟಿತು.

ನಡುವಿನ ಸಾಲಿನ ಪೆಟ್ಟಿಗೆಯಲ್ಲಿ ಒಂದು ಇಲಿ ಮಗ್ಗುಲಾಗಿ ಬಿದ್ದಿತ್ತು. ನಾಗರಹಾವಿನ ವಿಷ ಮೊದಲು ಕಾಲು ಕೆಡವುತ್ತದೆ, ಆಮೇಲೆ ಉಸಿರು ಕಟ್ಟಿಸುತ್ತದೆ. ಇದರ ಉಸಿರು ಎದೆಯಿಂದ ಹೊಟ್ಟೆಗೆ ಇಳಿದಿತ್ತು. ಬಾಯಿ ತೆರೆದು ಮುಚ್ಚುತ್ತಿತ್ತು. ಉಳಿದವು ಅದರ ಮೇಲೆಯೇ ಹತ್ತಿ ಇಳಿದು ಓಡಾಡುತ್ತಿದ್ದವು. ಮೇಡಂ ಏನನ್ನೋ ತರಲು ಗೋಡೆಯ ಕಡೆ ತಿರುಗಿದರು. ನನಗೆ ರಸ್ತೆಯ ಮೇಲಿನ ಹಾವು ಕಣ್ಣಿಗೆ ಕಟ್ಟಿತು. ಆಮೇಲೆ ಯೋಚಿಸಿದ ನೆನಪಿಲ್ಲ. ಜೇಬಿನ ಪೆನ್ನು ಕೈಗೆ ಬಂದಿತ್ತು, ಪೆಟ್ಟಿಗೆಯ ಮುಚ್ಚಳ ತೆರೆದಿತ್ತು, ಬೆರಳಿನಡಿ ಜಾರಿದ ಹಾಗಾಯಿತು.

ಮೇಡಂ ತಿರುಗಿ ನೋಡಿದರು.

"ಏನ್ ಮಾಡಿದ್ರಿ?"

"ಅದು ಸಾಯ್ಲಿಕತ್ತಿತ್ತು ರೀ ಮೇಡಂ."

"ಸಾಯ್ತದಂತ ನಿಮಗ ಯಾರ್ ಹೇಳಿದ್ರು?"

ಕೆನ್ನೆಗೆ ಹೊಡೆದಂತಾಯಿತು. ಯಾಕೆಂದರೆ ಈ ಇಡೀ ಪರೀಕ್ಷೆ ಇರುವುದೇ ಆ ಒಂದು ಪ್ರಶ್ನೆಗಾಗಿ. ವಿಷ ಬೇಗ ಕೆಲಸ ಮಾಡುತ್ತದೆ, ಸೀರಂ ನಿಧಾನವಾಗಿ. ಮಗ್ಗುಲಾಗಿ ಬಿದ್ದದ್ದು ಸಾಯಲೂಬಹುದು, ಸೀರಂ ಗಟ್ಟಿಯಿದ್ದರೆ ಸಂಜೆಗೆ ಎದ್ದು ಕೂರಲೂಬಹುದು. ಯಾವುದಾಗುತ್ತದೆ ಎಂದು ನೋಡುವುದೇ ಕೆಲಸ. ನಾನು ಉತ್ತರ ಬರುವ ಮೊದಲೇ ಪ್ರಶ್ನೆಯ ಕತ್ತು ಮುರಿದಿದ್ದೆ. ಇನ್ನು ಆ ಸಾಲಿನ ಎಣಿಕೆ ಕೆಟ್ಟಿತು, ಅದರಿಂದ ಇಡೀ ಪರೀಕ್ಷೆ ಕೆಟ್ಟಿತು. ಹೊಸದಾಗಿ ಮಾಡಬೇಕು, ಅಂದರೆ ಇನ್ನೊಂದು ಕೋಣೆ ತುಂಬ ಇಲಿಗಳಿಗೆ ವಿಷ ಚುಚ್ಚಬೇಕು. ಇದನ್ನೆಲ್ಲ ಹೊಸ ವಿದ್ಯಾರ್ಥಿಗಳಿಗೆ ಕಲಿಸಿದವಳೇ ನಾನು.

ತಪ್ಪು ಮಾಡಿದವರು ತಲೆ ತಗ್ಗಿಸಬೇಕು. ನನಗೆ ತಗ್ಗಿಸಲು ಬರುವುದಿಲ್ಲ, ಸಿಟ್ಟು ಬರುತ್ತದೆ. ಸಾಯುವವರೆಗೆ ಕಾದು ಎಣಿಸುವುದು ಹಳೆಯ ಕ್ರೂರ ಪದ್ಧತಿ, ಅಷ್ಟು ನರಳಿದ ಮೇಲೆ ನಿಲ್ಲಿಸುವ ನಿಯಮ ಎಷ್ಟೋ ಕಡೆ ಬಂದಿದೆ, ನೀವು ಯಾಕೆ ತರಲಿಲ್ಲ ಎಂದು ಅವರ ಮೇಲೆಯೇ ಏರಿಹೋದೆ. ಕೆಲಸ ಹೇಗೂ ಹೋಗಿತ್ತು, ಬಾಯಿಗೆ ಬೀಗ ಹಾಕಿಕೊಂಡು ಆಗುವುದೇನಿತ್ತು. ಅವರು ಪೂರ್ತಿ ಕೇಳಿದರು. ಸತ್ತ ಇಲಿಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು.

"ಇಲಿ ಇಲ್ದಂಗ ಪರೀಕ್ಷಾ ಮಾಡೋ ದಾರಿ ಹುಡಕ್ಲಿಕ್ಕೇ ಈ ನೌಕರಿ ಅದ. ಆದ್ರ ಆ ಹೊಸ ದಾರಿ ಖರೆ ಹೇಳ್ತದೋ ಸುಳ್ಳು ಹೇಳ್ತದೋ ಅಂತ ತಾಳೆ ನೋಡ್ಲಿಕ್ಕೆ, ಮದಲ ಈ ಹಳೇದನ್ನ ಕಡೀತನಕ ನೋಡಬೇಕಾಗ್ತದ. ಕೊಲ್ಲೋ ಕೈ ಭಾಳ ಸಿಗ್ತಾವ. ಕೈ ಕಟ್ಟಿ ನಿಂದ್ರೋರು ಸಿಗೂದಿಲ್ಲ."

ಮರುದಿನ ಬೆಳಿಗ್ಗೆ ಪರೀಕ್ಷೆಯನ್ನು ಮತ್ತೆ ಶುರುಮಾಡುವುದಾಗಿ, ನಾನು ಬಂದು ಸಂಜೆಯವರೆಗೆ ಆ ಪೆಟ್ಟಿಗೆಗಳ ಮುಂದೆ ನಿಲ್ಲಬೇಕೆಂದು ಹೇಳಿದರು. ಒಂದನ್ನಾದರೂ ಮುಟ್ಟಿದರೆ ಅಲ್ಲಿಂದಲೇ ಮನೆಗೆ. ನಿಂತರೆ ಕೆಲಸ ನನ್ನದು. ಉಳಿದ ಇಬ್ಬರಿಗೆ ತಾವು ಹೇಳಿಕೊಳ್ಳುವುದಾಗಿ ಹೇಳಿ ಬಾಗಿಲು ತೋರಿಸಿದರು.

ಹೊರಗೆ ಬಂದಾಗ ಅಪ್ಪ ಬಿಸಿಲಿಗೆ ಬಂದು ನಿಂತಿದ್ದ. ಹಿತ್ತಲ ಕಡೆ ಸುಡುವ ಭಟ್ಟಿಯಿಂದ ಹೊಗೆ ಏಳುತ್ತಿತ್ತು. ಹಳದಿ ಚೀಲಗಳನ್ನು ಒಬ್ಬ ಗಾಡಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದ. ಚೀಲಗಳಲ್ಲಿ ಏನಿದೆ ಎಂದು ಅಪ್ಪ ಕಾವಲುಗಾರನನ್ನು ಕೇಳಿದ್ದಾನೆ, ಸತ್ತ ಇಲಿಗಳೆಂದು ಅವನು ಹೇಳಿದ್ದಾನೆ.

"ನೀನೂ ಇದನ್ನೇ ಮಾಡ್ತಿ ಏನು?" ಎಂದ.

ಹೂಂ ಎಂದೆ. ಇಷ್ಟು ವರ್ಷ ಇದನ್ನೇ ಮಾಡಿದ್ದೇನೆ ಎಂದೆ. ಅಪ್ಪ ಸ್ಕೂಟರ್ ಹತ್ತಿದ. ದಾರಿಯಲ್ಲಿ ಚಹಾದಂಗಡಿಯ ಮುಂದೆ ಹಾವು ಇನ್ನೂ ಬಿದ್ದಿತ್ತು, ಲಾರಿಗಳು ಅದರ ಮೇಲೆ ಹಾದು ರಸ್ತೆಗೆ ಮೆತ್ತಿಬಿಟ್ಟಿದ್ದವು. ಅಪ್ಪ ಅದನ್ನು ತಪ್ಪಿಸಿ ಓಡಿಸಿದ. ಮನೆಯಲ್ಲಿ ಅವನ ಹಣೆ ನೋಡಿ ಅವ್ವ ಊರೆಲ್ಲ ಕೇಳುವಂತೆ ಕೂಗಾಡಿದಳು. ಅಪ್ಪ ಸ್ನಾನ ಮಾಡಿ, ಲಿಂಗ ಕೈಯಲ್ಲಿ ಹಿಡಿದುಕೊಂಡು, ಎಂದಿಗಿಂತ ಬಹಳ ಹೊತ್ತು ಕುಳಿತ. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ, ಅದೇ ನನಗೆ ಸಂಕಟ. ಹಾಸಿಗೆಯಲ್ಲಿ ಹೊರಳಾಡುತ್ತ, ನಾಳೆ ಹೋಗಲೇಬಾರದು ಎಂದುಕೊಂಡೆ. ನರಳುವುದನ್ನು ನೋಡುತ್ತ ನಿಲ್ಲುವುದಕ್ಕೆ ನನ್ನಂಥ ಸಿಡುಕಿಯನ್ನೇ ಹುಡುಕಿದ ಆ ಹೆಂಗಸಿಗೂ ಮನಸ್ಸಿನಲ್ಲೇ ಬೈದೆ.

ಬೆಳಿಗ್ಗೆ ಬೋನಿಗೆ ಇಲಿ ಬಿದ್ದಿತ್ತು. ಬೋನಿನ ಬಾಗಿಲು ಸರಿಯಾಗಿ ಅದರ ನಡುವಿನ ಮೇಲೆ ಬಿದ್ದಿತ್ತು. ಹಿಂದಿನ ಕಾಲು ಎರಡೂ ಹೊರಗೆ, ಮುಂದಿನವು ಒಳಗೆ. ಅದರ ಚೀರಾಟಕ್ಕೆ ಅವ್ವ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಅಪ್ಪ ಬೋನು ಎತ್ತಿಕೊಂಡು ಎಂದಿನಂತೆ ಸ್ಕೂಟರಿನ ಕೊಕ್ಕೆಗೆ ಹಾಕಿದ. ಕೀಲಿ ಸಹ ಹಾಕಿದ. ಆಮೇಲೆ ಏನನ್ನಿಸಿತೋ, ಬೋನನ್ನು ಬಿಡಿಸಿಕೊಂಡು ಅಂಗಳದ ಪರಸಿ ಕಲ್ಲಿನ ಮೇಲೆ ನನ್ನ ಮುಂದೆ ತಂದಿಟ್ಟ.

"ಇದು ಬದುಕ್ತದೇನ್ ನೋಡು ಯವ್ವಾ."

ಹಿಂದಿನ ದಿನವಾಗಿದ್ದರೆ ನೋಡುತ್ತಲೇ ಹೇಳಿಬಿಡುತ್ತಿದ್ದೆ. ಅಂದು ಕುಕ್ಕರಗಾಲಿನಲ್ಲಿ ಕುಳಿತೆ. ಹಿಂದಿನ ಪಾದದ ಬೆರಳು ಚಿವುಟಿದೆ, ಕಾಲು ಅಲುಗಲಿಲ್ಲ. ಇನ್ನೊಂದನ್ನು ಇನ್ನೂ ಜೋರಾಗಿ ಚಿವುಟಿದೆ. ಬೆನ್ನ ಮೇಲೆ ಬೆರಳು ಆಡಿಸಿದಾಗ ಮುರಿದ ಮೂಳೆ ಸಿಕ್ಕಿತು. ಬಾಯಿಂದ ರಕ್ತ ಬಂದಿತ್ತು. ಇಲ್ಲಪ್ಪಾ, ಬದುಕುವುದಿಲ್ಲ, ಸಾಯಲು ಬಹಳ ಹೊತ್ತು ಬೇಕಾಗುತ್ತದೆ ಎಂದೆ.

ಅಪ್ಪ ಅಂಗಿಯ ಜೇಬಿನಿಂದ ಪೆನ್ಸಿಲ್ ತೆಗೆದ. ಪೇಪರಿನ ಪದಬಂಧ ತುಂಬಲು ಇಟ್ಟುಕೊಳ್ಳುತ್ತಿದ್ದ ಮೊಂಡು ಪೆನ್ಸಿಲ್. ಅದರಿಂದಲೇ ಆಗುತ್ತದೆಂದು ನಾನು ಅವನಿಗೆ ಹೇಳಿರಲಿಲ್ಲ. ನನ್ನ ಕೈಗೆ ಏನಾದರೂ ಕೊಡಬೇಕೆನಿಸಿ ಹತ್ತಿರ ಇದ್ದದ್ದನ್ನು ಕೊಟ್ಟ. ನಾನು ತೆಗೆದುಕೊಂಡೆ. ಚೀರಾಟ ನಿಂತಿತು. ಅಪ್ಪ ಮುಖ ತಿರುಗಿಸಲಿಲ್ಲ, ಕಣ್ಣು ಮುಚ್ಚಲಿಲ್ಲ, ಪೂರ್ತಿ ನೋಡಿದ. ಇಲಿಯನ್ನು ಹಿತ್ತಲ ಬೇವಿನ ಬುಡದಲ್ಲಿ ತಾನೇ ಹೂಳಿ ಕೈ ತೊಳೆದು ಬಂದ.

"ನಡಿ, ಹೊತ್ತಾಗ್ತದ" ಎಂದು ಹೆಲ್ಮೆಟ್ ಕೊಟ್ಟ. ಅದರ ಅಂಚಿನಲ್ಲಿ ಒಣಗಿದ ರಕ್ತ ಹಾಗೆಯೇ ಇತ್ತು.

ಆ ದಿನದ ಬಗ್ಗೆ ಹೆಚ್ಚು ಹೇಳಲಾರೆ. ಸೀರಂ ಕಡಿಮೆ ಇದ್ದ ಸಾಲು ಮೊದಲು ಬಿತ್ತು. ಒಂದು ನಡೆಯುತ್ತ ನಡೆಯುತ್ತಲೇ ಹಿಂಗಾಲು ಎಳೆಯತೊಡಗಿತು, ಗೋಡೆಗೆ ಮೂಗು ಒತ್ತಿ ನಿಂತಿತು, ಉರುಳಿತು. ಇನ್ನೊಂದು ಕುತ್ತಿಗೆ ಎತ್ತಿ ಗಾಳಿಯನ್ನು ಕಚ್ಚುತ್ತಿತ್ತು. ನಾನು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತೆ. ಉಗುರು ಚರ್ಮಕ್ಕೆ ಇಳಿದು ಉರಿಯಿತು. ಮೇಡಂ ಎದುರಿಗೆ ನಿಂತಿದ್ದರು. ಅವರೂ ಕೂರಲಿಲ್ಲ. ಅವರ ಕೈಗಳೂ ಬೆನ್ನ ಹಿಂದೆ ಇದ್ದವು. ಹೊಡೆಯುವುದು ಎಷ್ಟು ಸುಲಭದ ಕೆಲಸ ಎಂದು ನನಗೆ ಅಂದು ಗೊತ್ತಾಯಿತು. ಹೆಲ್ಮೆಟ್ ಬೀಸುವಾಗ, ಕಲ್ಲು ಹಾಕುವಾಗ, ಪೆನ್ನು ಒತ್ತುವಾಗ ಪ್ರತಿಸಲವೂ ನನ್ನ ಸಂಕಟ ತಕ್ಷಣ ಮುಗಿದಿತ್ತು. ಇಲ್ಲಿ ಮುಗಿಯುತ್ತಿರಲಿಲ್ಲ.

ನಡುವಿನ ಸಾಲಿನಲ್ಲಿ ಊಟದ ಹೊತ್ತಿಗೆ ಒಂದು ಮಗ್ಗುಲಾಯಿತು. ಹಿಂದಿನ ದಿನ ನಾನು ಕೊಂದದ್ದರ ಹಾಗೆಯೇ, ಅದೇ ಹೊಟ್ಟೆಯ ಉಸಿರು, ಅದೇ ಬಾಯಿ. ಇದು ಹೋಯಿತು ಎಂದುಕೊಂಡೆ. ಅದರ ಮೇಲೆ ಬೇರೆಯವು ಹತ್ತಿ ಇಳಿದವು. ಒಮ್ಮೆ ನನ್ನ ಬಲಗೈ ಕಂಕುಳಿನಿಂದ ಹೊರಬಂದು ಮುಚ್ಚಳದವರೆಗೆ ಹೋಗಿತ್ತು. ಮೇಡಂ ನೋಡಿದರು, ತಡೆಯಲಿಲ್ಲ. ನಾನೇ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಹೊತ್ತು ಇಳಿಯತೊಡಗಿದಾಗ ಅದರ ಹೊಟ್ಟೆಯ ಏರಿಳಿತ ಎದೆಗೆ ಬಂದಂತೆ ಕಂಡಿತು. ನನ್ನ ಕಣ್ಣಿಗೆ ಹಾಗೆ ಕಂಡಿರಬೇಕು ಎಂದುಕೊಂಡೆ. ಆಮೇಲೆ ಒಂದು ಮುಂಗಾಲು ಹೊಟ್ಟಿನಲ್ಲಿ ಊರಿತು. ಜಾರಿತು. ಮತ್ತೆ ಊರಿತು. ಸ್ವಲ್ಪ ಹೊತ್ತಿಗೆ ಇಲಿ ಎದ್ದು ಕುಳಿತು, ವಾಲಾಡುತ್ತ ಎರಡೂ ಮುಂಗಾಲಿನಿಂದ ಮುಖ ತೊಳೆಯತೊಡಗಿತು.

ನನಗೆ ಸಂತೋಷವಾಗಬೇಕಿತ್ತು. ಸಿಟ್ಟು ಬಂತು. ನೆತ್ತಿ ಕಾದು ಕಿವಿ ಗುಂಯ್ಗುಟ್ಟುವಷ್ಟು ಸಿಟ್ಟು. ಯಾರ ಮೇಲೆ ಎಂದು ಹುಡುಕಿದರೆ ನನ್ನ ಈ ಚುರುಕು ಕೈ ಬಿಟ್ಟು ಬೇರೆ ಯಾರೂ ಸಿಗಲಿಲ್ಲ.

"ಬರಕೋರಿ" ಎಂದರು ಮೇಡಂ, ನನ್ನ ಕೈಗೆ ಪೆನ್ನು ಕೊಟ್ಟು. "ಎಣಿಕಿ ನಾಳೆ ಮುಂಜಾನೆ ಮುಗೀತದ. ನೀವೇ ಬಂದು ಮುಗಸ್ರಿ."

ಬರೆದೆ.

ಗೇಟಿನ ಹೊರಗೆ ಅಪ್ಪ ಸ್ಕೂಟರಿಗೆ ಒರಗಿ ನಿಂತಿದ್ದ. ಬೆಳಿಗ್ಗೆಯಿಂದ ಅಲ್ಲಿಯೇ ಇದ್ದನೆಂದು ಕಾವಲುಗಾರ ಹೇಳಿದ. ಹಣೆಯ ಪಟ್ಟಿ ಧೂಳಿನಿಂದ ಕಪ್ಪಾಗಿತ್ತು. ಏನಾಯಿತೆಂದು ಕೇಳಿದ. ಕೆಲಸ ಸಿಕ್ಕಿತು ಎಂದೆ. ಅವನು ತಲೆಯಾಡಿಸಿದ, ಆದರೆ ಅವನು ಕೇಳಿದ್ದು ಅದನ್ನಲ್ಲ ಎಂದು ಮುಖ ಹೇಳುತ್ತಿತ್ತು.

"ಒಂದು ಎದ್ದು ಕುಂತಿತಪ್ಪಾ" ಎಂದೆ. "ಸಾಯ್ತದಂತ ತಿಳ್ಕೊಂಡಿದ್ದೆ. ಎದ್ದು ಕುಂತಿತು."

ಅಪ್ಪ ಗಣಿಯ ಕಡೆ ನೋಡಿದ.

"ಉಳದವು?"

"ಭಾಳ ಸತ್ತವು."

ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟ. ಅಂಚಿನ ರಕ್ತವನ್ನು ಯಾವಾಗಲೋ ತೊಳೆದಿದ್ದ, ಒಳಗಿನ ಬಟ್ಟೆ ಇನ್ನೂ ಒದ್ದೆಯಿತ್ತು. ಸ್ಕೂಟರನ್ನು ಒದ್ದು ಚಾಲೂ ಮಾಡಿ, ನಾಳೆ ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳಿದ. ಇವತ್ತಿನ ಹೊತ್ತಿಗೇ ಎಂದು ಹೇಳಿ ಹಿಂದೆ ಕುಳಿತೆ.